ತಾಮ್ರದ ಮಡಿಗಾರ್ಡು

ಆ ಭಾನುವಾರ ಬೆಳಿಗ್ಗೆ ಮಂಡ್ಯದ ಆ ಮನೆಯ ಜಗಲಿಯಲ್ಲಿ ಸೇರಿದ್ದವರು ಇಷ್ಟೇ ಜನ. ಕಂಬಕ್ಕೆ ಒರಗಿಕೊಂಡು ಮನೆಯ ಯಜಮಾನರು, ಅಂದರೆ ನಮ್ಮ ಮಿಡ್ಲ್ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಅವರೆದುರಿಗೆ, ಅದೇ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ನಾನು. ನನ್ನ ಪಕ್ಕದಲ್ಲಿ ಕೊತ್ತತ್ತಿಯಿಂದ ಬಂದಿದ್ದ ನನ್ನ ದೊಡ್ಡಪ್ಪನ ಮಗ. ಊರಿಗೆ ನಾಲೆಯ ನೀರು ಬಂದು, ನೀರಿನ ಹಿಂದೆ ಕಬ್ಬು ಬಂದು, ಕಬ್ಬಿನ ಹಿಂದೆ ಮಾತೂ ಬಂದಿದ್ದ ಮನುಷ್ಯ. ಮೆಟ್ಟಿಲ ಮೇಲೆ ಪಾತ್ರೆ ಬಡಿಯುವ ಕಂಚುಗಾರ. ಬಾಗಿಲ ಹಿಂದೆ, ಕಣ್ಣಿಗೆ ಕಾಣದಿದ್ದರೂ ನಮ್ಮೆಲ್ಲರಿಗಿಂತ ಹೆಚ್ಚಾಗಿ ಹಾಜರಿದ್ದವರು, ಮೇಷ್ಟ್ರ ಸೋದರತ್ತೆ. ಅಂಗಳದ ನಡುವೆ, ಹಿಂದಿನ ಚಕ್ರ ಬೆತ್ತಲೆಯಾಗಿ ನಿಂತಿದ್ದ ಒಂದು ಮೋಟರ್ ಸೈಕಲ್ಲು. ಸಭೆಯ ಮುಂದಿದ್ದ ವಿಷಯ: ಆ ಚಕ್ರಕ್ಕೆ ಯಾವುದರ ಮಡ್‌ಗಾರ್ಡು ಹೊದಿಸುವುದು, ಮತ್ತು ಅದರ ಖರ್ಚು ಎಲ್ಲಿಂದ ಹುಟ್ಟಿಸುವುದು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಸಭೆಯೇ ಅನ್ನಬೇಡಿ. ಮೇಷ್ಟ್ರನ್ನು ನೀವು ಕಂಡವರಲ್ಲ. ಅವರು ಹೋಗಿ ಬಹಳ ಕಾಲವಾಯಿತು. ಕಂಡವರು ಅನ್ನಿಸಿಕೊಳ್ಳುವ ನಾವು ಕೆಲವರು ಹೋಗುವ ಮೊದಲು ಹೇಳಿಬಿಡುವುದು ಒಳ್ಳೆಯದು.

ಇಂಗ್ಲಿಷ್ ಭಾಷೆಯನ್ನು ಇಂಗ್ಲಿಷರು ಎಲ್ಲಿ ಕೆಡಿಸಿಬಿಡುತ್ತಾರೋ ಎಂಬ ಭಯದಲ್ಲಿ ಅದನ್ನು ಕಾಯುವ ಕೆಲಸವನ್ನು ಮೇಷ್ಟ್ರು ತಾವೇ ವಹಿಸಿಕೊಂಡಿದ್ದರು. ಕಚ್ಚೆ ಪಂಚೆ, ಮುಚ್ಚುಗೊರಳಿನ ಕೋಟು, ಜರಿಪೇಟ, ಹಣೆಯಲ್ಲಿ ಮೂರು ಗೆರೆ ವಿಭೂತಿ. ಈ ವೇಷದಲ್ಲಿ ಬೀದಿಗಿಳಿದರೆಂದರೆ ಸೌತೆಕಾಯಿ ಮಾರುವವಳಿಂದ ಹಿಡಿದು ಅಮಲ್ದಾರರ ಗುಮಾಸ್ತನವರೆಗೆ ಎಲ್ಲರೂ ಬಾಯಿಗೆ ಬಂದ ಇಂಗ್ಲಿಷ್ ಪದವನ್ನು ನುಂಗಿಕೊಳ್ಳುತ್ತಿದ್ದರು. ಒಂದು ಸಲ ನಾನೂ ಅವರೂ ಮದ್ದೂರಿಗೆ ಹೊರಟಿದ್ದೆವು. ಮೂಟೆ ಹೊರುವವನೊಬ್ಬ, 'ಬಿರ್ರನೆ ಬನ್ನಿ ಬುದ್ಧಿ, ಇಷ್ಟೇಸನ್ನಿಗೆ ಗಾಡಿ ಬಂದ್ಬುಡ್ತು' ಅಂದ. ಮೇಷ್ಟ್ರು ನಿಂತರು. 'ಸ್ಟೇಷನ್. ಮೊದಲಿಗೆ ಇ ಇಲ್ಲ. ಎಲ್ಲಿ, ಹೇಳು.' ಅವನು ಹೇಳಿದ, ಇವರು ತಿದ್ದಿದರು, ಅವನು ಮತ್ತೆ ಹೇಳಿದ. ರೈಲು ಹೋಯಿತು, ಇ ಹೋಗಲಿಲ್ಲ.

ಇನ್ನೊಮ್ಮೆ ಇನ್‌ಸ್ಪೆಕ್ಟರು ಕಳಿಸಿದ ಸುತ್ತೋಲೆಯೊಂದಕ್ಕೆ ಮೇಷ್ಟ್ರು ಕೆಂಪು ಮಸಿಯಲ್ಲಿ ಗೆರೆ ಎಳೆದು, ಮಗ್ಗುಲಲ್ಲಿ ಸರಿಯಾದ ರೂಪ ಬರೆದು, ವಂದನೆಗಳೊಡನೆ ಹಿಂದಕ್ಕೆ ಕಳಿಸಿದರು. ಆ ವರ್ಷ ಅವರಿಗೆ ಬರಬೇಕಾಗಿದ್ದ ಬಡ್ತಿಯೂ ವಂದನೆಗಳೊಡನೆ ಹಿಂದಕ್ಕೆ ಹೋಯಿತು.

'ಒಂದಕ್ಷರಕ್ಕೋಸ್ಕರ ಬಡ್ತಿ ಕಳಕೊಂಡ್ರಲ್ಲ ಸ್ವಾಮಿ' ಅಂದೆ.

'ಒಂದಲ್ಲ ಗೌಡ್ರೇ, ಎರಡು. ರಿಸೀವ್‌ನಲ್ಲಿ ಇ ಮೊದಲು, ಐ ಆಮೇಲೆ. ಆ ಮನುಷ್ಯ ಎರಡನ್ನೂ ಅದಲುಬದಲು ಮಾಡಿದ್ದರು' ಅಂದರು, ನನ್ನ ಲೆಕ್ಕವನ್ನೂ ತಿದ್ದಿದ ತೃಪ್ತಿಯಲ್ಲಿ.

ಸಂಜೆಯ ಹೊತ್ತು ಅದೇ ಜಗಲಿಯಲ್ಲಿ ಮನೆಪಾಠ. ಮೂರಕ್ಷರದ ಪದಗಳನ್ನು ಮಕ್ಕಳು ರಾಗವಾಗಿ ಕೂಗುತ್ತಿದ್ದರು. ಆ ಬೀದಿಯ ಹಸುಗಳಿಗೂ ಮೂರಕ್ಷರದವರೆಗೆ ಇಂಗ್ಲಿಷ್ ಬರುತ್ತಿತ್ತೆಂದು ನಾವು ಆಡಿಕೊಳ್ಳುತ್ತಿದ್ದೆವು.

ಮನೆಯಲ್ಲಿ ಇದ್ದವರು ಅವರೂ ಆ ಸೋದರತ್ತೆಯೂ, ಇಬ್ಬರೇ. ಆಕೆ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ತಾಯಿಯಿಲ್ಲದ ಈ ಕೂಸನ್ನು ಎತ್ತಿ ಆಡಿಸಿ ಮೇಷ್ಟ್ರನ್ನಾಗಿ ಮಾಡಿದವರು. ಕೆಂಪು ಸೀರೆ, ಬೋಳಿಸಿದ ತಲೆಯ ಮೇಲೆ ಸೆರಗು. ಆಕೆಯ ಮಡಿ ಎಷ್ಟು ಗಟ್ಟಿಯೆಂದರೆ, ಮೈಸೂರು ಸಂಸ್ಥಾನದ ಗಡಿಯನ್ನು ಯಾರಾದರೂ ದಾಟಿಬಿಡಬಹುದಿತ್ತು, ಆಕೆಯ ಅಡುಗೆಮನೆಯ ಹೊಸಿಲನ್ನು ದಾಟುವಂತಿರಲಿಲ್ಲ. ಬೀದಿಯಲ್ಲಿ ಬಂದರೆ ನಾಯಿಗಳು ತಾವಾಗಿಯೇ ಗೋಡೆಗೆ ಒತ್ತಿಕೊಳ್ಳುತ್ತಿದ್ದವು. ಜಗಲಿಯವರೆಗೆ ನನಗೆ ಅಪ್ಪಣೆ ಇತ್ತು. 'ಬಾಪ್ಪ ಗೌಡ, ಕೂತ್ಕೋ' ಅನ್ನುವ ಮಾತು ಮಾತ್ರ ಒಳಗಿನಿಂದ ಬರುತ್ತಿತ್ತು. ಮಜ್ಜಿಗೆಯೂ ಬರುತ್ತಿತ್ತು. ಲೋಟ ನಾನೇ ತೊಳೆದಿಡುತ್ತಿದ್ದೆ. ಆ ಕಾಲ ಹಾಗಿತ್ತು, ಮಜ್ಜಿಗೆ ಚೆನ್ನಾಗಿತ್ತು.

ಇಂಥ ಮನೆಗೆ ಮೋಟರ್ ಸೈಕಲ್ಲು ಬಂದದ್ದು ಜಲಪಾತದ ಮಗ್ಗುಲಲ್ಲಿರುವ ಬ್ಲಫ್ ಅನ್ನುವ ಊರಿನಿಂದ. ಅಲ್ಲಿ ಕರೆಂಟು ಹುಟ್ಟಿಸುವ ಕೆಲಸದಲ್ಲಿದ್ದ ಒಬ್ಬ ಇಂಜಿನಿಯರು ವರ್ಗವಾಗಿ ಹೋಗುವಾಗ ಹಳೆಯ ಗಾಡಿಯನ್ನು ಅಗ್ಗಕ್ಕೆ ಕೊಟ್ಟರು. ಬ್ಲಫ್ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಟೋಪಿ ಹಾಕುವುದು ಎಂಬ ಇನ್ನೊಂದು ಅರ್ಥವೂ ಇದೆಯೆಂದು ಇಡೀ ಮಂಡ್ಯದಲ್ಲಿ ಗೊತ್ತಿದ್ದವರು ಮೇಷ್ಟ್ರೊಬ್ಬರೇ. ಆದರೂ ಅಲ್ಲಿಂದಲೇ ಕೊಂಡರು. ಹಿಂದಿನ ಮಡ್‌ಗಾರ್ಡು ಎಲ್ಲಿ ಎಂದು ಕೇಳಿದ್ದಕ್ಕೆ, ಬೇಸಿಗೆಯಲ್ಲಿ ಅದು ಬೇಕಾಗುವುದಿಲ್ಲವೆಂದು ಉತ್ತರ ಬಂತಂತೆ. ಕೊಂಡದ್ದು ಬೇಸಿಗೆಯಲ್ಲೇ, ನಿಜ. ಮಳೆಗಾಲ ಬರುವುದಿಲ್ಲವೆಂದು ಯಾರೂ ಬರೆದುಕೊಟ್ಟಿರಲಿಲ್ಲ.

ಬಂತು. ನಾಲೆ ಅಗೆದ ಮಣ್ಣು ರಸ್ತೆಗೂ ಬಿದ್ದಿದ್ದ ಕಾಲ. ಮೊದಲ ಮಳೆಗೇ ಎಲ್ಲ ಕಡೆ ಹಿಟ್ಟಿನಂಥ ಕೆಸರು. ಮೇಷ್ಟ್ರು ಸ್ಕೂಲಿಗೆ ಬಂದು ಇಳಿದರೆ, ಸೊಂಟದಿಂದ ಪೇಟದ ತುದಿಯವರೆಗೆ ಬೆನ್ನಿನ ಮೇಲೆ ಗೆರೆ ಹೊಡೆದ ಹಾಗೆ ಕೆಸರಿನ ಪಟ್ಟೆ. ಕೊತ್ತತ್ತಿಯ ಅಣ್ಣ ನೋಡಿದವನೇ, 'ಏನ್ಲಾ, ನಿಮ್ ಮೇಷ್ಟ್ರು ಮುಂದ್ಲಿಂದ ಸಿವನ್ ಕಡೆ, ಇಂದ್ಲಿಂದ ಇಷ್ಣು ಕಡೆ! ಅಡ್ಡಕ್ಕೂ ಉದ್ದಕ್ಕೂ ಬಳ್ಕೊಂಡವ್ರಲ್ಲೋ' ಅಂದ. ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು. ಪಾಠ ಹೇಳುತ್ತ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನಿಂದ ಯಾರೋ ಸಣ್ಣಗೆ ಗೋವಿಂದಾ ಅನ್ನುತ್ತಿದ್ದರು.

ಆಗ ಶುರುವಾದದ್ದು ಬಜೆಟ್ಟು. ದಿವಾನರು ವರ್ಷಕ್ಕೊಂದು ಸಲ ಬಜೆಟ್ ಮಂಡಿಸಿದರೆ ನಮ್ಮ ಮೇಷ್ಟ್ರು ಜಗಲಿಯಲ್ಲಿ ದಿನಾ ಸಂಜೆ ಮಂಡಿಸುತ್ತಿದ್ದರು. ದಿವಾನರದ್ದು ಹೇಗೋ ಮಂಜೂರಾಗುತ್ತಿತ್ತು. ಬೆಂಗಳೂರಿನ ಅಂಗಡಿಗೆ ಬರೆದು ಕೇಳಿದರು. ವಿಲಾಯಿತಿಯಿಂದ ತರಿಸಿಕೊಡಬಹುದು, ಇಷ್ಟಾಗುತ್ತದೆ ಎಂದು ಕಾಗದ ಬಂತು. ಅದು ಮೇಷ್ಟ್ರ ಒಂದು ತಿಂಗಳ ಸಂಬಳಕ್ಕಿಂತ ಚೂರು ಮೇಲು. ಓದಿದರು, ಮಡಿಸಿದರು, ಜೇಬಿಗಿಟ್ಟುಕೊಂಡರು. 'ಕೆಸರು ಚರ್ಮಕ್ಕೆ ಒಳ್ಳೇದಂತೆ ಗೌಡ್ರೇ' ಅಂದರು.

ಕಮ್ಮಾರ ಗಾಡಿಯ ಚಕ್ರಕ್ಕೆ ಹಾಕುವ ಕಬ್ಬಿಣದ ಪಟ್ಟಿಯಲ್ಲೇ ಮಾಡಿಕೊಡುವುದಾಗಿ ಒಪ್ಪಿಕೊಂಡ. 'ಅದನ್ನ ಕಟ್ಟುದ್ಮ್ಯಾಕೆ ಮುಂದ್ಕೆ ಒಂದ್ ಜೊತೆ ಎತ್ತೂ ಕಟ್ಬೇಕಾಯ್ತದೆ' ಎಂದು ಅಣ್ಣ ಎಚ್ಚರಿಸಿದ. ಕೊನೆಗೆ ಸೀಮೆಎಣ್ಣೆ ಡಬ್ಬವನ್ನು ಬಿಡಿಸಿ ಬಾಗಿಸಿ ಕಟ್ಟಿದ್ದಾಯಿತು. ಖರ್ಚು ಇಲ್ಲವೆಂದೇ ಹೇಳಬೇಕು. ಶಬ್ದ ಮಾತ್ರ ಇತ್ತು. ಮೇಷ್ಟ್ರು ರೈಲ್ವೆ ಗೇಟಿನ ಹತ್ತಿರ ಬರುತ್ತಿದ್ದರೆ ಸ್ಕೂಲಿನಲ್ಲಿ ನಾವು ಯಾರ ಮನೆಯ ತಮಟೆಯಪ್ಪ ಇದು, ಯಾರು ಹೋದರು ಎಂದು ವಿಚಾರಿಸಿಕೊಳ್ಳುತ್ತಿದ್ದೆವು. ಮೂರನೆಯ ಹಳ್ಳದಲ್ಲಿ ಅದು ಹರಿದು ಟೈರಿಗೆ ಹಲ್ಲು ಊರಿತು. ಬಜೆಟ್ಟಿಗೆ ಟೈರೂ ಸೇರಿತು.

ಮೇಷ್ಟ್ರು ಹೋಟಲಿನ ಕಾಫಿ ಬಿಟ್ಟರು. ನಶ್ಯ ಬಿಟ್ಟರು, ನಶ್ಯ ಬಿಟ್ಟಿದ್ದರಿಂದ ಸೀನೂ ಬಿಟ್ಟುಹೋಗಿ ಸುಮ್ಮನೆ ಮೂಗು ಮುಟ್ಟಿಕೊಳ್ಳುತ್ತ ಕೂರುತ್ತಿದ್ದರು. ಪೆಟ್ರೋಲು ಉಳಿಸಲೆಂದು ಸಮತಟ್ಟಾದ ರಸ್ತೆಯಲ್ಲಿ ಗಾಡಿಯನ್ನು ತಳ್ಳಿಕೊಂಡು ನಡೆದು, ಇಳಿಜಾರಿನಲ್ಲಿ ಏರಿ ಕೂರುತ್ತಿದ್ದರು. ಮೋಟರ್ ಸೈಕಲ್ಲಿನ ಮೇಲೆ ಮೇಷ್ಟ್ರು ಕೂತದ್ದಕ್ಕಿಂತ ಮೇಷ್ಟ್ರ ಮೇಲೆ ಮೋಟರ್ ಸೈಕಲ್ಲು ಒರಗಿದ್ದೇ ಹೆಚ್ಚು.

ಇದೆಲ್ಲ ನಮಗೆ ನಗುವ ವಿಷಯವಾಗಿಯೇ ಉಳಿಯುತ್ತಿತ್ತು. ಅಷ್ಟರಲ್ಲಿ ಮಳವಳ್ಳಿಯಿಂದ ಒಬ್ಬರು ಬಂದು ಸುದ್ದಿ ಹೇಳಿದರು. ಅತ್ತೆಗೆ ಒಬ್ಬಳೇ ಅಕ್ಕ. ಮಳವಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದವರು. ಅವರು ಹಾಸಿಗೆ ಹಿಡಿದಿದ್ದರು. ಡಾಕ್ಟರು ಕೈ ಬಿಟ್ಟಿದ್ದರು. 'ತಂಗೀನ ಒಂದ್ಸಲ ತೋರಿಸಿ' ಅನ್ನುವುದೊಂದೇ ಮಾತಂತೆ.

ಹೋಗುವುದು ಹೇಗೆ? ಬಸ್ಸಿನಲ್ಲಿ ಚರ್ಮದ ಸೀಟು, ಬೀಡಿಯ ಹೊಗೆ, ಮೈಗೆ ಮೈ ತಾಗುವ ಜನ, ಮೇಲಾಗಿ ಎಲ್ಲರನ್ನೂ ಮುಟ್ಟಿ ಮುಟ್ಟಿ ಟಿಕೀಟು ಕೊಡುವ ಕಂಡಕ್ಟರು. ಅತ್ತೆ ಜನ್ಮದಲ್ಲಿ ಬಸ್ಸು ಹತ್ತಿದವರಲ್ಲ. ಅಣ್ಣ ತನ್ನ ಕಮಾನು ಗಾಡಿ ಹೂಡಿಸಿದ. ಮದ್ದೂರಿಗೆ ಅರ್ಧ ದಾರಿ ಹೋಗುವಷ್ಟರಲ್ಲಿ ಕುಲುಕಾಟಕ್ಕೆ ಬೆನ್ನು ಹಿಡಿದುಕೊಂಡು, ಮಲಗಿಸಿಕೊಂಡು ಹಿಂದಕ್ಕೆ ತಂದದ್ದಾಯಿತು. ಆ ದಿನ ಬಾಗಿಲ ಹಿಂದಿನಿಂದ ಮಜ್ಜಿಗೆ ಬಂತು, ಉಪ್ಪು ಹಾಕುವುದು ಮರೆತಿದ್ದರು.

ಉಳಿದದ್ದು ಆ ಮೋಟರ್ ಸೈಕಲ್ಲು ಒಂದೇ. ಅದಕ್ಕೇ ಆ ಭಾನುವಾರದ ಸಭೆ. ಮೇಷ್ಟ್ರ ಹಿಂದೆ ಒಬ್ಬರು ಕೂರಬೇಕಾದರೆ, ಚಕ್ರ ಎರಚುವುದನ್ನೆಲ್ಲ ಆ ಕೂತವರೇ ಹೊರಬೇಕು. ರಸ್ತೆಯ ಕೆಸರೆಂದರೆ ಬರೀ ಮಣ್ಣಲ್ಲ, ಅದರಲ್ಲಿ ಏನೇನಿರುತ್ತದೆ ಎಂದು ಹೇಳುವುದು ಬೇಡ. ಹಿತ್ತಾಳೆ ತಗಡಿನಲ್ಲಿ ಮಾಡಿದರೆ ಎಷ್ಟಾದೀತೆಂದು ಕೇಳಲು ಕಂಚುಗಾರನನ್ನು ಕರೆಸಿದ್ದರು. ಅವನು ಮೋಟರ್ ಸೈಕಲ್ಲನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಆದ್ದರಿಂದ ಅವನಿಗೆ ಯಾವ ಸಂದೇಹವೂ ಇರಲಿಲ್ಲ.

'ದೇವಸ್ತಾನಕ್ಕೆ ಪ್ರಭಾವಳಿ ಒಡ್ದಿರೋ ಕೈ ಬುದ್ಧಿ ಇದು. ಇದ್ಯಾವ ಮಹಾ, ಒಂದ್ ಚಕ್ರ! ತುದೀಗೆ ಸಿಂಹದ ಮೊಕ ಕೂರ್ಸ್ಲಾ?'

'ಸಿಂಹ ಬ್ಯಾಡ ಬುಡಯ್ಯ' ಅಂದ ಅಣ್ಣ, 'ಮಡ್ಗಾಡು ಅಂದ್ರೆ ಮಡ್ಗಾಡ್ ತರ ಇರ್ಬೇಕು.'

'ಮಡ್‌ಗಾರ್ಡ್' ಅಂದರು ಮೇಷ್ಟ್ರು, ಅಭ್ಯಾಸ ಬಲದಿಂದ. 'ಮಡ್. ಗಾರ್ಡ್.'

'ಅದೇಯ, ಮಡಿಗಾಡು.'

ಆಗ ಬಾಗಿಲ ಹಿಂದಿನಿಂದ ದನಿ ಬಂತು. 'ಲೋ, ಏನೋ ಅದು ಮಡಿಗಾರ್ಡು? ಗಾರ್ಡು ಅಂದ್ರೆ ರೈಲಲ್ಲಿ ಹಸಿರು ಬಾವುಟ ಹಿಡ್ಕೊಂಡು ನಿಂತಿರ್ತಾನಲ್ಲ, ಕಾಯೋನು, ಅವನೇ ತಾನೆ?'

'ಹೌದತ್ತೆ.'

'ಹಾಗಾದ್ರೆ ಇದು ಮಡಿ ಕಾಯೋದು?'

ರೈಲು ತಪ್ಪಿಸಿಕೊಂಡು ಒಂದು ಇ ಕಾರದ ಜೊತೆ ಹೋರಾಡಿದ ಮನುಷ್ಯ, ಬಡ್ತಿಯನ್ನು ಎರಡಕ್ಷರಕ್ಕೆ ಮಾರಿದ ಮನುಷ್ಯ, ಕಂಬಕ್ಕೆ ಒರಗಿ ಕೂತಿದ್ದರು. ಅವರ ಬಾಯಿ ತೆರೆಯಿತು. ಈಗ ಬಂತು ಸ್ಪೆಲಿಂಗು ಅಂದುಕೊಂಡೆ. ಮೇಷ್ಟ್ರು ಒಮ್ಮೆ ಬಾಗಿಲ ಕಡೆ ನೋಡಿದರು, ಒಮ್ಮೆ ಗಾಡಿಯ ಕಡೆ ನೋಡಿದರು, ಇಲ್ಲದ ನಶ್ಯವನ್ನು ಮೂಗಿಗೇರಿಸಿದರು.

'ಹೌದತ್ತೆ' ಅಂದರು. 'ಮಡಿ ಕಾಯೋದೇ.'

'ಮೊದಲೇ ಹೇಳಬಾರದಾಗಿತ್ತೇನೋ? ಬಿಳೀ ದೊರೆಗಳಿಗೂ ಮಡಿ ಇರತ್ತೆ ಅಂತ ನನಗೇನು ಗೊತ್ತು.'

ಅಣ್ಣ ನನ್ನ ತೊಡೆ ಚಿವುಟಿದ. ನಾನು ಅಂಗಳದಲ್ಲಿ ಓಡಾಡುತ್ತಿದ್ದ ಇರುವೆಗಳನ್ನು ನೋಡುತ್ತ ಕೂತೆ. ಮೇಷ್ಟ್ರು ಯಾರನ್ನೂ ನೋಡಲಿಲ್ಲ.

ಅಲ್ಲಿಂದ ಮುಂದೆ ಸಭೆಯ ಅಧ್ಯಕ್ಷತೆ ಬಾಗಿಲ ಹಿಂದಕ್ಕೆ ಹೋಯಿತು. ಹಿತ್ತಾಳೆ ಬೇಡ, ಕಬ್ಬಿಣ ಮೊದಲೇ ಬೇಡ. ಮಡಿ ಕಾಯುವುದೆಂದ ಮೇಲೆ ತಾಮ್ರವೇ ಆಗಬೇಕು; ತಾಮ್ರಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟರೆ ಮೈಲಿಗೆ ನಿಲ್ಲುವುದಿಲ್ಲ. ತಾಮ್ರಕ್ಕೆ ದುಡ್ಡೆಲ್ಲಿ ಎಂದು ಮೇಷ್ಟ್ರು ಬಜೆಟ್ ಎತ್ತುವ ಮೊದಲೇ, ಅಟ್ಟದ ಮೇಲೆ ತೂತಾದ ಹಂಡೆ ಇದೆ, ಇಳಿಸು ಎಂದು ಅಪ್ಪಣೆಯಾಯಿತು. ಅಷ್ಟು ದಿನ ನಶ್ಯ ಬಿಟ್ಟು ಕೂಡಿಟ್ಟದ್ದು ಕಂಚುಗಾರನ ಕೂಲಿಗೆ ಸರಿಹೋಗುತ್ತಿತ್ತು. ಅವನು ಉಳಿದ ತಾಮ್ರವೂ ತನ್ನದೇ ಅಂದ.

'ಯಾಕೆ, ಅದು ನಿಮ್ಮಪ್ಪನ ಮನೆ ಹಂಡೆಯೋ?' ಅಂತು ಬಾಗಿಲು. 'ಉಳಿದಿದ್ರಲ್ಲಿ ಒಂದು ಪಂಚಪಾತ್ರೆ ಬಡಿದುಕೊಡು. ಚೂರುಪಾರು ನೀನಿಟ್ಕೋ.'

'ಆಗ್ಲಿ ಕಣ್ರವ್ವ' ಅಂದ ಕಂಚುಗಾರ. ದೇವಸ್ಥಾನದ ಧರ್ಮದರ್ಶಿಗಳು ಅವನನ್ನು ಅಷ್ಟು ಬೇಗ ಸೋಲಿಸಿರಲಿಲ್ಲ.

ಅತ್ತೆಯ ಶರತ್ತುಗಳು ಅಷ್ಟಕ್ಕೇ ಮುಗಿಯಲಿಲ್ಲ. ತಾವು ಕೂರುವುದು ಮರದ ಮಣೆಯ ಮೇಲೆ. ಗಾಡಿ ಓಡಿಸುವವನ ಭುಜ ಹಿಡಿಯಬೇಕಾದ್ದರಿಂದ ಅವನೂ ಸ್ನಾನ ಮಾಡಿ ಮಡಿಯುಟ್ಟು ಓಡಿಸತಕ್ಕದ್ದು. ಅವನು ಕೂರುವ ಸೀಟು ಚರ್ಮದ್ದಲ್ಲವೇ ಎಂಬ ಪ್ರಶ್ನೆ ಬಂದಾಗ ಎಲ್ಲ ಮುಗಿಯಿತು ಅಂದುಕೊಂಡೆವು. ಅದಕ್ಕೂ ದಾರಿ ಇತ್ತು: ದೇವರ ಮನೆಯಲ್ಲಿದ್ದ ಜಿಂಕೆಯ ಚರ್ಮವನ್ನು ಮೇಲೆ ಹಾಸುವುದು. ಸತ್ತ ಹಸುವಿನ ಚರ್ಮ ಮೈಲಿಗೆ. ಅದರ ಮೇಲೆ ಸತ್ತ ಜಿಂಕೆಯ ಚರ್ಮ ಬಿದ್ದರೆ ಮಡಿ.

'ಚರ್ಮದಲ್ಲೂ ಜಾತಿ ಮಡಗವ್ರೆ ಕಣ್ಲಾ' ಅಂದ ಅಣ್ಣ, ದಾರಿಯಲ್ಲಿ ಹೋಗುತ್ತ.

ಕಂಚುಗಾರ ಮಾಡಿಕೊಟ್ಟದ್ದನ್ನು ಮಡ್‌ಗಾರ್ಡು ಎಂದು ಕರೆಯಲು ಧೈರ್ಯ ಬೇಕಾಗಿತ್ತು. ಅವನ ಕೈಗೆ ಪ್ರಭಾವಳಿ ಅಭ್ಯಾಸ. ಕೈ ಅಭ್ಯಾಸವನ್ನೇ ಮಾಡಿತು. ಚಕ್ರವನ್ನು ಎರಡೂ ಮಗ್ಗುಲು ಮುಚ್ಚಿ, ಅಮ್ಮನವರು ಹಿಂದಕ್ಕೆ ಬೀಳಬಾರದೆಂದು ತಾಮ್ರವನ್ನು ಹಿಂದುಗಡೆ ಮೊಳದಷ್ಟು ಮೇಲಕ್ಕೆ ಎಬ್ಬಿಸಿ, ಕಮಾನು ಕೊಟ್ಟು, ಅಂಚಿಗೆ ಬಳ್ಳಿ ಬಿಡಿಸಿದ್ದ. ಸಿಂಹ ಬೇಡವೆಂದಿದ್ದರಿಂದ ಸಿಂಹ ಇರಲಿಲ್ಲ. ಎರಡು ಗಿಳಿ ಇದ್ದವು. ಕಮ್ಮಾರ ಕಂಬಿ ಕೊಟ್ಟು ಬಿಗಿದ. ಅತ್ತೆ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದಾಗ ಆ ಗಾಡಿಯ ಹಿಂಭಾಗ ಮಾತ್ರ ಕೈಲಾಸದಿಂದಲೂ ಮುಂಭಾಗ ಬ್ಲಫ್‌ನಿಂದಲೂ ಬಂದ ಹಾಗೆ ಕಾಣುತ್ತಿತ್ತು.

ಹೊರಟ ದಿನ ಮೋಡ ಮುಚ್ಚಿತ್ತು. ರಾತ್ರಿಯ ಮಳೆಗೆ ರಸ್ತೆಯೆಲ್ಲ ನೆನೆದಿತ್ತು. ಅತ್ತೆಯ ಬಟ್ಟೆಯ ಗಂಟು, ನೀರಿನ ಚೊಂಬು, ಅಕ್ಕನಿಗೆಂದು ಮಾಡಿದ ಮೆಣಸಿನ ಸಾರಿನ ಪುಡಿ, ಇಷ್ಟನ್ನೂ ಒಂದು ಕೋಲಿಗೆ ಸಿಕ್ಕಿಸಿ, ಅದು ನನ್ನ ಮೈಗೆ ತಾಗದ ಹಾಗೆ ಹಿಡಿದುಕೊಂಡು ಬಸ್ಸಿನಲ್ಲಿ ಬರಬೇಕೆಂದು ನನಗೆ ಕೆಲಸ ಹಚ್ಚಿದ್ದರು. ಮೇಷ್ಟ್ರು ಬಾವಿಯ ಹತ್ತಿರದಿಂದ ಬಂದರು. ಕೋಟಿಲ್ಲ, ಪೇಟವಿಲ್ಲ, ಬೂಟಿಲ್ಲ. ಒದ್ದೆ ಪಂಚೆ, ಹೆಗಲಿಗೊಂದು ವಸ್ತ್ರ, ಎದೆಯ ಮೇಲೆ ಜನಿವಾರ, ಬಿಚ್ಚಿದ ಜುಟ್ಟು. ಅಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿದ ನಾನು ಅವರ ಭುಜ ಅಷ್ಟು ಸಣ್ಣದೆಂದು ಅವತ್ತೇ ನೋಡಿದ್ದು. ಜಿಂಕೆಯ ಚರ್ಮದ ಮೇಲೆ ಕೂತು ಗಾಡಿಯನ್ನು ಒದ್ದರು. ಅತ್ತೆ ಮಣೆಯ ಮೇಲೆ ಒಂದು ಮಗ್ಗುಲಾಗಿ ಕೂತು ಸೆರಗು ಬಿಗಿದುಕೊಂಡರು. ಬೀದಿಯಲ್ಲಿ ನಿಂತಿದ್ದವರಲ್ಲಿ ಒಬ್ಬರಿಗೂ ನಗು ಬರಲಿಲ್ಲ. ನಗು ಬಂದವರು ಬಾಗಿಲು ಹಾಕಿಕೊಂಡು ನಕ್ಕಿರಬೇಕು.

ನನ್ನ ಬಸ್ಸು ಸ್ವಲ್ಪ ಹೊತ್ತಿನ ಮೇಲೆ ಹೊರಟಿತು. ಮದ್ದೂರು ದಾಟಿ ಮಳವಳ್ಳಿಯ ದಾರಿ ಹಿಡಿದ ಮೇಲೆ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ರಸ್ತೆಯ ಕಡೆ ಕೈಮುಗಿಯುತ್ತಿದ್ದದ್ದು ಕಂಡಿತು. ಏನಪ್ಪ ಎಂದು ಕತ್ತು ಚಾಚಿದೆ. ಮುಂದೆ, ಎರಡು ಗಿಳಿಗಳ ನಡುವೆ, ತಾಮ್ರದ ಪ್ರಭಾವಳಿಯಲ್ಲಿ ಕೆಂಪು ಸೀರೆಯ ಅತ್ತೆ ಹೋಗುತ್ತಿದ್ದರು.

ಡ್ರೈವರು ಹಾರ್ನ್ ಒತ್ತುವುದನ್ನು ಬಿಟ್ಟು ಕೈಮುಗಿದ. 'ಅಗೋ, ಯಾವೂರ್ದ್ಯಾವ್ರೋ ಓಯ್ತಾ ಅದೆ!'

'ದ್ಯಾವ್ರಲ್ಲ ಕಣಯ್ಯ, ನಮ್ಮ ಮೇಷ್ಟ್ರು. ನಿಧಾನಕ್ಕೆ ಓಡ್ಸು' ಅಂದೆ.

'ಮೇಷ್ಟ್ರಾ? ಎಲ್ಲಿ, ನೋಡವ ತಡೀರಿ' ಎಂದು, ದೇವರಲ್ಲವೆಂದು ಗೊತ್ತಾದ ಉತ್ಸಾಹದಲ್ಲಿ, ಬಸ್ಸನ್ನು ಅವರ ಪಕ್ಕಕ್ಕೇ ತಂದ. ಅಲ್ಲೊಂದು ಹಳ್ಳವಿತ್ತು. ಬಸ್ಸಿನ ಮುಂದಿನ ಚಕ್ರ ಅದರಲ್ಲಿ ಇಳಿಯಿತು. ಗದ್ದೆಯ ಕೆಸರು ಒಂದು ಗೋಡೆಯ ಹಾಗೆ ಎದ್ದು ನಿಂತು, ನಿಧಾನವಾಗಿ, ಗುರಿ ತಪ್ಪದೆ ಹೋಗಿ ಇಬ್ಬರ ಮೇಲೂ ಕೂತಿತು.

ಬಸ್ಸು ನಿಲ್ಲಲಿಲ್ಲ. ಹಿಂದಿನ ಕಿಟಕಿಯಿಂದ ನೋಡಿದೆ. ಗಾಡಿ ನಿಂತಿತ್ತು. ತಾಮ್ರಕ್ಕೆ ಒಂದು ಹನಿ ತಾಗಿರಲಿಲ್ಲ. ತಮ್ಮ ಚಕ್ರದ ಕೆಸರನ್ನು ತಡೆಯಲು ಅಷ್ಟೆಲ್ಲ ಬಜೆಟ್ ಮಾಡಿದ್ದ ಮೇಷ್ಟ್ರು, ಊರಿನ ಮಿಕ್ಕ ಚಕ್ರಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಳವಳ್ಳಿಯ ಮನೆಯ ಮುಂದೆ ಕೋಲು ಹಿಡಿದುಕೊಂಡು ಕಾದೆ. ಹಿಂದಕ್ಕೆ ತಿರುಗಿ ಹೋಗಿರುತ್ತಾರೆ ಎಂದೇ ನನ್ನ ಲೆಕ್ಕ. ದಾರಿಯ ಕೆಸರು ಮೈತುಂಬ ಆದ ಮೇಲೆ ಅತ್ತೆ ಇನ್ನೊಂದು ಮನೆಯ ಹೊಸಿಲು ತುಳಿಯುವುದುಂಟೇ? ಒಳಗೆ ಅಕ್ಕ ಉಸಿರಿಗೊಮ್ಮೆ 'ಬಂದ್ಲೇನೇ' ಎಂದು ಸೊಸೆಯನ್ನು ಕೇಳುತ್ತಿದ್ದುದು ಕಿಟಕಿಯಿಂದ ಕೇಳಿಸುತ್ತಿತ್ತು. ನಾನು ಬೀದಿಯ ತುದಿಯನ್ನೇ ನೋಡುತ್ತಿದ್ದೆ.

ಕೊನೆಗೆ ಗಾಡಿಯ ಸದ್ದಾಯಿತು. ಬಂದರು. ಮೇಷ್ಟ್ರ ಎದೆ, ಜನಿವಾರ, ಜುಟ್ಟು ಒಂದೇ ಬಣ್ಣ. ಅತ್ತೆಯ ಸೀರೆ ಯಾವ ಬಣ್ಣದ್ದೆಂದು ಬೆನ್ನು ನೋಡಿ ತಿಳಿಯಬೇಕು. ಮೇಷ್ಟ್ರು ಇಳಿದವರೇ ಗಾಬರಿಯಿಂದ, 'ಅತ್ತೆ, ಹಿತ್ತಲಲ್ಲಿ ಬಾವಿ ಇದೆ. ನೀರು ಸೇದಿಕೊಡ್ತೀನಿ, ಸ್ನಾನ ಮಾಡಿ...' ಅನ್ನುತ್ತಿದ್ದರು.

'ಆಮೇಲೆ' ಅಂದರು ಅತ್ತೆ.

ಕೆಸರಿನ ಕಾಲಿನಲ್ಲೇ ಮೆಟ್ಟಿಲು ಹತ್ತಿದರು. ನಡುಮನೆ ದಾಟಿದರು. ಹಾಸಿಗೆ ಹಿಡಿದವರನ್ನು ಮುಟ್ಟಿದರೆ ಮೈಲಿಗೆ ಎಂದು ಊರಿಗೆಲ್ಲ ಹೇಳುತ್ತಿದ್ದವರು, ಹೋಗಿ ಆ ಹಾಸಿಗೆಯ ಮೇಲೇ ಕೂತರು. ಕೂತದ್ದು ಹಲಗೆ ಮಂಚದ ಕಿರುಗುಟ್ಟುವಿಕೆಯಲ್ಲಿ ನಮಗೆ ಹೊರಗೆ ಗೊತ್ತಾಯಿತು.

ಆಮೇಲೆ ಅಕ್ಕನ ಬಡಕಲು ದನಿ: 'ಏನೇ ಇದು ಮೈಯೆಲ್ಲ? ಎಲ್ಲಿ ಹೊರಳಿ ಬಂದ್ಯೇ?'

'ಮಡ್ ಕಣೇ' ಅಂದರು ಅತ್ತೆ. 'ಎಂ ಯು ಡಿ, ಮಡ್. ಮಡ್ ಅಂದ್ರೆ ಕೆಸರು.'

ಮೇಷ್ಟ್ರು ಗೋಡೆಗೆ ಕೈ ಕೊಟ್ಟು ನಿಂತರು.

'ಹಾಗಂದ್ರೆ ಏನೇ?'

'ಇಂಗ್ಲಿಷು. ನಮ್ಮ ಹುಡುಗ ದಿನಾ ಸಂಜೆ ಜಗಲೀಲಿ ಕಿರುಚಿಸ್ತಾನಲ್ಲ, ಗೋಡೆ ಈಚೆಗಿದ್ರೂ ಕಿವಿಗೆ ಬೀಳತ್ತೆ. ಅವನು ಪಾಪ, ಮಡಿ ಕಾಯತ್ತೆ ಅಂತ ಒಂದು ಸುಳ್ಳು ಹೇಳ್ದ. ಹೇಳೋಕೆ ಎಷ್ಟು ಕಷ್ಟಪಟ್ಟ ಗೊತ್ತಾ? ನಂಗೂ ಬರೋದಕ್ಕೆ ಒಂದು ಸುಳ್ಳು ಬೇಕಿತ್ತು. ಸುಮ್ಮನಾದೆ.'

ಅಕ್ಕ ನಗುವುದು ಕೇಳಿಸಿತು. ನಕ್ಕು ಕೆಮ್ಮಿದರು, ಕೆಮ್ಮಿ ಮತ್ತೆ ನಕ್ಕರು. ಮೇಷ್ಟ್ರು ನನ್ನ ಕಡೆ ತಿರುಗಿದರು. ಮುಖದ ಮೇಲೆ ಕೆಸರು ಒಣಗಿ ಬಿರುಕು ಬಿಡುತ್ತಿತ್ತು. ಏನಾದರೂ ಹೇಳಬೇಕಲ್ಲ ಎಂದು ನಾನು, 'ಸ್ಪೆಲಿಂಗು ಸರಿಯಾಗಿದೆ ಸ್ವಾಮಿ' ಅಂದೆ.

'ಉಚ್ಚಾರಣೆಯೂ' ಅಂದರು ಮೇಷ್ಟ್ರು, ಬಹಳ ಕಷ್ಟದಿಂದ.

ಅತ್ತೆ ಅವತ್ತು ಹಿಂದಕ್ಕೆ ಹೊರಡಲಿಲ್ಲ. 'ಅವಳ ಹತ್ರ ಇರ್ತೀನಿ, ನೀನು ಹೊರಡೋ, ನಾಳೆ ಸ್ಕೂಲಿದೆ' ಅಂದರು. ಮೇಷ್ಟ್ರು ಖಾಲಿ ಮಣೆಯನ್ನು ಹಿಂದೆ ಕೂರಿಸಿಕೊಂಡು ಮಂಡ್ಯಕ್ಕೆ ಬಂದರು. ದಾರಿಯಲ್ಲಿ ಒಬ್ಬರೂ ಕೈಮುಗಿಯಲಿಲ್ಲವಂತೆ. ಅದಾದ ಮೇಲೆ ಮೇಷ್ಟ್ರು ಬದಲಾದರು ಎಂದು ನಾನು ಹೇಳುವುದಿಲ್ಲ. ಮರುದಿನವೇ ಒಬ್ಬ ಬಟ್ಟೆ ಅಂಗಡಿಯವನ ಬೋರ್ಡಿನಲ್ಲಿ ಒಂದು ಎಲ್ ಜಾಸ್ತಿ ಇದೆಯೆಂದು ಜಗಳ ತೆಗೆದು ಬಂದರು. ಭಾನುವಾರ ಭಾನುವಾರ ಮಳವಳ್ಳಿಗೆ ಹೋಗಿ ಬರುತ್ತಿದ್ದರು, ಅಷ್ಟೇ.

ಮಳೆಗಾಲ ಮುಗಿಯುವ ಮೊದಲು ಅಕ್ಕ ತೀರಿಕೊಂಡರು. ಮೇಷ್ಟ್ರು ಹೋಗಿದ್ದರು. ಕರ್ಮಗಳೆಲ್ಲ ಕಳೆದ ಮೇಲಿನ ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆಂದು ಅತ್ತೆಗೆ ಹೇಳಿ ಬಂದು, ಗಾಡಿಗೆ ಎಣ್ಣೆ ಹಾಕಿ, ಜಿಂಕೆಯ ಚರ್ಮ ಒಣಗಿಸಿ ಇಟ್ಟಿದ್ದರು.

ಶನಿವಾರ ಮಧ್ಯಾಹ್ನ ನಾವಿಬ್ಬರೂ ಸ್ಕೂಲು ಬಿಟ್ಟು ನಡೆದು ಬರುತ್ತಿದ್ದೆವು. ಮಳವಳ್ಳಿಯ ಬಸ್ಸು ಬಂದು ನಿಂತಿತು. ಜನ ಇಳಿದರು. ಕೊನೆಯಲ್ಲಿ, ಬುಟ್ಟಿ ಹಿಡಿದಿದ್ದ ಒಬ್ಬ ಹೆಂಗಸು ಒಳಗೆ ತಿರುಗಿ ಕೈ ಚಾಚಿ, 'ನಿಧಾನಕ್ಕಿಳೀರವ್ವ, ಮೆಟ್ಲು ಎತ್ರದಲ್ಲದೆ' ಅಂದಳು. ಆ ಕೈ ಹಿಡಿದುಕೊಂಡು ಅತ್ತೆ ಇಳಿದರು. ಕಂಡಕ್ಟರು ಗಂಟನ್ನು ಕೆಳಕ್ಕೆ ಕೊಟ್ಟ. ಅದನ್ನೂ ಕೈಯಲ್ಲೇ ಇಸಿದುಕೊಂಡರು.

ಮೇಷ್ಟ್ರು ಹತ್ತಿರ ಹೋದರು.

'ನಾಳೆ ಬರ್ತಿದ್ನಲ್ಲ ಅತ್ತೆ.'

'ಅವಳಿಲ್ಲದ ಮನೇಲಿ ನಾಳೆ ತನಕ ಏನು ಮಾಡ್ಲೋ?' ಅಂದರು ಅತ್ತೆ. 'ನಡಿ. ಒಲೆ ಹಚ್ಚಿ ಸ್ನಾನಕ್ಕೆ ನೀರಿಡು.'

ಮೇಷ್ಟ್ರು ಗಂಟನ್ನು ತೆಗೆದುಕೊಂಡರು. ಇಬ್ಬರೂ ಮನೆಯ ಕಡೆ ನಡೆದರು. ನಾನು ಜಗಲಿಯವರೆಗೆ ಹೋದೆ. ಒಳಗೆ ಬಾವಿಯ ರಾಟೆಯ ಸದ್ದು ಕೇಳಿಸಿತು.